ಬರಿಗೈಯವಳ ಬಳೆ ನಿಶಾನಿ

ಮೊನ್ನೆ ರೋಣದ ಕಚೇರಿಯಲ್ಲಿ ಕಾಗದಕ್ಕೆ ಮೊಹರು ಒತ್ತಲು ಅರಗು ಕರಗಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಜೇಂದ್ರಗಡದ ನಮ್ಮ ಪಕ್ಕದ ಮನೆಯ ಬಳೆಗಾರ ಆಯಿ ಕಣ್ಮುಂದೆ ಬಂದಳು. ಅರಗಿನ ಬಳೆ ಮಾಡುವವಳು, ಸೆರಗಿಗೂ ಅದೇ ವಾಸನೆ... ಊರಿಗೆಲ್ಲ ಬಳೆ ತೊಡಿಸಿದರೂ ಅವಳ ಕೈ ಬರಿದು. ಚಿಕ್ಕ ವಯಸ್ಸಿಗೇ ಗಂಡ ಸತ್ತಿದ್ದ.

ನರಗುಂದದ ಕೋಟೆಯಲ್ಲಿ ಇನ್ನೂ ಅರಸರಿದ್ದ ಕಾಲ ಅದು, ನನಗಿನ್ನೂ ಎಳೆ ವಯಸ್ಸು. ನಮ್ಮಪ್ಪನ ಬಟ್ಟೆ ಅಂಗಡಿ ಕುಷ್ಟಗಿಯಲ್ಲಿತ್ತು. ಊರು ಹತ್ತಿರವಾದರೂ ನಿಜಾಮರ ಸೀಮೆ, ನಮಗೆ ಪರರಾಜ್ಯ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅವ್ವನಿಗೆ ಸೇರಬೇಕಾದರೆ, ಆಕೆಯೇ ಹೆಂಡತಿಯೆಂದು ನಮ್ಮ ಊರಿನ ಮೊಹರು ಬಿದ್ದ ಕಾಗದ ಅಲ್ಲಿನ ಕಚೇರಿಗೆ ಹೋಗಬೇಕಿತ್ತು. ಅಕ್ಷರ ಬಾರದವರು ಆಗ ಸಹಿಯ ಬದಲು ನಿಶಾನಿ ಬರೆಯುತ್ತಿದ್ದರು. ಒಕ್ಕಲಿಗನಾದರೆ ನೇಗಿಲು, ವ್ಯಾಪಾರಿಯಾದರೆ ತಕ್ಕಡಿ, ಹೆಂಗಸಾದರೆ ಬಳೆ. ಅವ್ವನೂ ಒಂದು ಬಳೆ ಬರೆದಳು.

ಅದೇ ಮುಳುವಾಯಿತು. ಅಂಗಡಿಯ ಮೇಲೆ ಕಣ್ಣಿಟ್ಟಿದ್ದ ನಮ್ಮ ಕಾಕಾ ಮೊದಲೇ ಮೊಸರಿನಲ್ಲಿ ಕಲ್ಲು ಹುಡುಕುವವ. "ಗಂಡ ಸತ್ತಾಕಿಗೆ ಎಲ್ಲಿ ಬಳಿರಿ? ಇದು ಬ್ಯಾರೆ ಯಾರೋ ಮುತ್ತೈದಿ ನಿಶಾನಿ" ಎಂದು ತಕರಾರು ತೆಗೆದ. ಕಾಗದ ತಿರುಗಿ ಬಂತು. ಅವ್ವನ ಗುರುತು ಹೇಳುವವರು ಆ ಊರಲ್ಲಿ ಯಾರೂ ಇರಲಿಲ್ಲ. ಅಂಗಡಿ ಹೋದರೆ ನಮ್ಮ ಒಲೆ ಉರಿಯುವಂತಿರಲಿಲ್ಲ.

ಸುದ್ದಿ ಕೇಳಿದ ಆಯಿ, "ಏಳವ್ವಾ, ನಾನೂ ಬರ್ತೀನಿ" ಎಂದು ಬಳೆಯ ಮಲಾರ ಹೆಗಲಿಗೇರಿಸಿಯೇ ಬಿಟ್ಟಳು. ಕುಷ್ಟಗಿಯ ಮನೆಮನೆಗೂ ಬಳೆ ತೊಡಿಸಿದವಳು ಅವಳು, ಅಲ್ಲಿ ಅವಳ ಗುರುತಿಲ್ಲದವರಿರಲಿಲ್ಲ. ಕಚೇರಿಯಲ್ಲಿ ಅವಳಾಡಿದ ಮಾತನ್ನು ಅವ್ವ ಸಾಯುವತನಕ ಹೇಳುತ್ತಿದ್ದಳು.

"ಸಾಹೇಬ್ರ, ಮದಿವ್ಯಾಗ ಈಕಿಗೆ ಬಳಿ ಇಟ್ಟಾಕಿ ನಾನು. ಗಂಡ ಸತ್ತಾಗ ಒಡದಾಕೀನೂ ನಾನ. ಈ ಕೈ ನನಗ ಗೊತ್ತೈತ್ರಿ. ಬಳಿ ಹೆಣ್ಣಿನ ಗುರುತ್ರಿ, ಗಂಡಂದಲ್ಲ. ನನ್ನ ಕೈನೂ ಬರಿದೈತಿ. ಸಾಕ್ಷಿಗೆ ನಾ ಏನ್ ಬರೀಲಿ, ನೀವ ಹೇಳ್ರಿ."

ಅಧಿಕಾರಿ ಕಾಕಾನ ಮುಖ ನೋಡಿದರಂತೆ. ಕಾಕಾ ನೆಲ ನೋಡಿದನಂತೆ. ಆಮೇಲೆ ಲೇಖಣಿ ಆಯಿಯ ಕಡೆ ಸರಿಯಿತು. ಅವ್ವನ ಬಳೆಯ ಪಕ್ಕ ಆಯಿ ತನ್ನದೊಂದು ಬಳೆ ಬರೆದಳು. ಅಂಗಡಿ ನಮಗೆ ಉಳಿಯಿತು. ಅಷ್ಟು ಗಟ್ಟಿ ಎದೆಯ ಹೆಣ್ಣನ್ನು ನಾನು ಮತ್ತೆ ಕಾಣಲಿಲ್ಲ.

ಮೊನ್ನೆ ನಾನು ಸಹಿ ಹಾಕಿದ ಮೇಲೆ ಕಾರಕೂನ ಕೇಳಿದ: "ನಿಮ್ಮ ಗುರುತು ಹೇಳಾವ್ರು ಯಾರರೆ ಅದಾರೇನ್ರಿ?"

ಅವ್ವ ಇಲ್ಲ, ಆಯಿ ಇಲ್ಲ... ಅರಗು ಆರುವತನಕ ನಾನು ಬಾಗಿಲ ಕಡೆಗೇ ನೋಡುತ್ತ ನಿಂತಿದ್ದೆ.