ಹೊಲ ಮಾರಿದ ಮನೆಯ ಸೀರೆ

ಅಮ್ಮಮ್ಮ, ಅಂದರೆ ನನ್ನ ತಾಯಿಯ ತಾಯಿ, ಗೋದಾವರಿ ಸೀಮೆಯವಳು. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಗಂಡನ ಹಿಂದೆ ಗಂಗಾವತಿ ಕಡೆಗೆ ಬಂದಳು. ಅಜ್ಜ ಅಲ್ಲಿನ ರೈತನೊಬ್ಬನಿಂದ ಜೋಳದ ಹೊಲ ಕೊಂಡು ಗದ್ದೆ ಮಾಡಿದ. ಹಾಗೆ ಬಂದವರು ಊರಾಚೆ ಗುಡಿಸಲು ಹಾಕಿಕೊಂಡ ಜಾಗಕ್ಕೆ ಕ್ಯಾಂಪ್ ಅಂತ ಹೆಸರು ಬಿತ್ತು. ನಾನು ಹುಟ್ಟಿದ್ದು ಅಲ್ಲೇ, ಜಗಳ ಆಡುವುದೂ ಕನ್ನಡದಲ್ಲೇ. ಆದರೂ ಜನರ ಬಾಯಲ್ಲಿ ನಾನು ಇವತ್ತಿಗೂ ಕ್ಯಾಂಪಿನವಳು.

ಹೊಲ ಮಾರಿದ ರೈತನ ಹೆಂಡತಿ ಅಮ್ಮಮ್ಮನಿಗಿಂತ ಹಿರಿಯಳು. ಮೊದಲ ವರ್ಷದ ನಾಗರಪಂಚಮಿಗೆ ಮನೆಗೆ ಕರೆದು, ಕುಂಕುಮ ಹಚ್ಚಿ, ಅಮ್ಮಮ್ಮನ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ ಹಾಕಿದಳಂತೆ. ಉಡಿ ತುಂಬುವ ಪದ್ಧತಿ ಅಮ್ಮಮ್ಮನಿಗೆ ಗೊತ್ತಿರಲಿಲ್ಲ. ನಾವು ಬೇಡಲು ಬಂದವರಲ್ಲ ಎಂದು ತೆಲುಗಿನಲ್ಲೇ ಅಂದು, ಅಷ್ಟನ್ನೂ ಅವರ ಮೊರಕ್ಕೇ ಸುರಿದುಬಿಟ್ಟಳು. ಆ ಮನೆಯ ಮುದುಕಿ ಅಪಶಕುನ ಅಂತ ಬಾಯಿ ಮಾಡಿದಳು. ರೈತನ ಹೆಂಡತಿ ಮಾತ್ರ ನಗುತ್ತ ಅದೇ ಅಕ್ಕಿಯನ್ನು ಮತ್ತೆ ಸೆರಗಿಗೆ ತುಂಬಿದಳು.

"ಇದು ಭಿಕ್ಷಾ ಅಲ್ಲವ್ವಾ. ಮಗಳಿಗೆ ತವರ ಮನಿಯವರು ಉಡಿ ತುಂಬತಾರ. ನಿನ್ನ ತವರು ದೂರ ಐತಿ. ಇಲ್ಲಿ ನಾನ ನಿನ್ನ ತವರು ಅಂತ ತಿಳಿ."

ಬೇರೆ ಯಾರಾದರೂ ಉಪಚಾರದ ಮಾತು ಅಂದುಕೊಳ್ಳುತ್ತಿದ್ದರು. ಅಮ್ಮಮ್ಮ ನಿಜವೆಂದೇ ತಿಳಿದಳು. ಪ್ರತಿ ಪಂಚಮಿಗೂ ಡಬ್ಬಿ ತುಂಬ ಉದ್ದಿನ ಉಂಡೆ ಕಟ್ಟಿಕೊಂಡು ಹೋದಳು. ಹುಲಿಗೆಮ್ಮ ದೇವಿಗೆ ನಡೆದುಕೊಳ್ಳುವುದನ್ನೂ ಆ ಮನೆಯಲ್ಲೇ ಕಲಿತಳು. ಅಜ್ಜನ ಮೇಲೆ ಸಿಟ್ಟು ಬಂದರೂ ಚೀಲ ಹಿಡಿದು ಅಲ್ಲಿಗೇ ನಡೆಯುವಳು. ಆಗ ಹೊಲ ಮಾರಿದವನು ಹೊಲ ಕೊಂಡವನಿಗೆ ಬುದ್ಧಿ ಹೇಳಿ ಬರಬೇಕಾಗುತ್ತಿತ್ತು. ಅಜ್ಜ ತೀರಿದ ಮೇಲೆ ಉಡಿ ನಿಂತಿತು, ಹೋಗುವುದು ನಿಲ್ಲಲಿಲ್ಲ. ಆ ಹಿರಿಯಳು ತೀರಿದ ಮೇಲೂ ನಿಲ್ಲಲಿಲ್ಲ.

ನಾನು ಚಿಕ್ಕವಳಿರುವಾಗಲೇ ತಾಯಿ ಸತ್ತಳು. ಅಮ್ಮಮ್ಮನೇ ಸಾಕಿ, ಯಲಬುರ್ಗಾಕ್ಕೆ ಕೊಟ್ಟು ಮದುವೆ ಮಾಡಿದಳು. ಕಡೆಯ ವರ್ಷಗಳಲ್ಲಿ ನನ್ನ ಹತ್ತಿರವೇ ಇದ್ದಳು. ಹೋದ ವರ್ಷ ಪಂಚಮಿಗೆ ಸ್ವಲ್ಪ ಮುಂಚೆ, ಬೆಳಗಿನ ಚಹಾ ಕುಡಿದು ಮಲಗಿದವಳು ಮತ್ತೆ ಏಳಲಿಲ್ಲ.

ಓಣಿಯ ಹೆಂಗಸರು ಬಂದು ಕೂತರು. ಹೆಣ್ಣುಮಗಳಿಗೆ ಕಡೆಯ ಸೀರೆ ತವರಿನಿಂದ ಬರಬೇಕು.

"ತವರಿನ ಸೀರಿ ಬರೂದೈತೇನ್ರಿ?" ಎಂದು ಒಬ್ಬಾಕೆ ಕೇಳಿದಳು. "ಇಲ್ಲಂದ್ರ ಅಂಗಡ್ಯಾಗಿಂದ ತರಿಸೂಣು."

ಗೋದಾವರಿ ಕಡೆಗೆ ಫೋನ್ ಮಾಡಿದೆ. ಎತ್ತಿದವನು ಅಮ್ಮಮ್ಮನ ತಮ್ಮನ ಮೊಮ್ಮಗ. ಅವಳು ಯಾರೆಂದು ವಿವರಿಸುವುದರಲ್ಲೇ ಹೊತ್ತು ಹೋಯಿತು. ಅಯ್ಯೋ ಪಾಪ ಅಂದ, ಇಟ್ಟ. ಆಮೇಲೆ ಹೊಲ ಮಾರಿದ ಮನೆಗೆ ಮಾಡಿದೆ. ಆ ಹಿರಿಯಳ ಮಗನನ್ನು ನಾನು ಮಾಮಾ ಅನ್ನುತ್ತೇನೆ, ಅವನಿಗೆ ಅಮ್ಮಮ್ಮ ಚಿಗವ್ವ, ಅಂದರೆ ಚಿಕ್ಕಮ್ಮ. ಅವನಿಗೂ ವಯಸ್ಸಾಗಿದೆ, ಮೊಣಕಾಲು ಬಗ್ಗುವುದಿಲ್ಲ. "ಚಿಗವ್ವ ಹೋದ್ಲ?" ಅಂದ. ಅಷ್ಟರಲ್ಲೇ ಫೋನ್ ಕಟ್ಟಾಯಿತು.

ಬರುತ್ತಾನೋ ಇಲ್ಲವೋ ತಿಳಿಯಲಿಲ್ಲ. ಬರೂದೈತಿ ಅಂತ ಹೆಂಗಸರಿಗೆ ಹೇಳಿಬಿಟ್ಟೆ. ಮಧ್ಯಾಹ್ನವಾಯಿತು. ಗಂಡಸರು ಹೊತ್ತು ಮೀರುತ್ತದೆ ಅನ್ನತೊಡಗಿದರು, ನನ್ನ ಗಂಡನೂ ಒಮ್ಮೆ ಒಳಗೆ ಬಂದು ನನ್ನ ಮುಖ ನೋಡಿ ಹೋದ. ಅಂಗಡಿಯ ಸೀರೆ ಉಡಿಸಿದರೆ ಇಷ್ಟು ವರ್ಷ ಅವಳು ನಂಬಿ ನಡೆದದ್ದೆಲ್ಲ ಸುಳ್ಳಾಗುತ್ತದೆ ಅಂತ ನನಗೆ ಹೆದರಿಕೆ. ಅದನ್ನು ಯಾರಿಗೆ ಹೇಳಲಿ? ಮನೆ ತುಂಬ ಜನವಿದ್ದರೂ ಅವಳನ್ನು ನನ್ನಷ್ಟು ಬಲ್ಲವರು ಒಬ್ಬರೂ ಇರಲಿಲ್ಲ.

ಕೊನೆಗೆ ಮಾಮಾ ಬಂದ. ಬಸ್ಸು ಬದಲಿಸಿ ಬದಲಿಸಿ ಬಂದಿದ್ದ. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಇಳಕಲ್ ಸೀರೆ.

"ಇದನ್ನ ಪಂಚಮಿಗೆ ಚಿಗವ್ವಗ ಕೊಡಾಕಂತ ನನ್ನ ಹೇಣತಿ ತಗದಿಟ್ಟಿದ್ಲು," ಅಂದ. "ಅದನ್ನ ತಂದೀನಿ."

ನಾನೇ ಉಡಿಸಿದೆ. ನೆರಿಗೆ ಹಿಡಿಯುವಾಗ ಓಣಿಯವರೊಬ್ಬರು ಕೈ ಹಚ್ಚಿದರು. ಎಲ್ಲ ಮುಗಿದು ಮಾಮಾ ಬಸ್ಸಿಗೆ ಹೊರಟಾಗ ನನ್ನ ತಲೆಯ ಮೇಲೆ ಕೈಯಿಟ್ಟು "ಬರ್ತೀನವಾ" ಅಂದ. ನನ್ನನ್ನು ಪಂಚಮಿಗೆ ಬಾ ಅನ್ನಲಿಲ್ಲ. ಅದರಲ್ಲಿ ತಪ್ಪೇನಿಲ್ಲ. ಅವನು ಬಂದದ್ದು ಅವನ ತಾಯಿ ಆಡಿದ ಮಾತಿಗೆ, ಅದು ಅವತ್ತಿಗೆ ತೀರಿತು.

ಈ ಸಲದ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋದರು. ಪಕ್ಕದ ಮನೆಯಾಕೆ ಚೀಲ ಹಿಡಿದು ಹೊರಟವಳು, "ನೀವು ಹೋಗಂಗಿಲ್ಲೇನ್ರಿ?" ಎಂದು ಕೇಳಿದಳು. ಇಲ್ಲ ಅಂದೆ. ನನಗೆ ತವರು ಅಂತ ಇದ್ದವಳು ಅಮ್ಮಮ್ಮ ಒಬ್ಬಳೇ, ಅವಳನ್ನು ನನ್ನ ಮನೆಯ ಬಾಗಿಲಿನಿಂದಲೇ ಹೊತ್ತುಕೊಂಡು ಹೋಗಿದ್ದರು.