ಲೈನ್‌ಮನ್ ಹಿತ್ತಲಿನ ಮೆಣಸಿನ ಗಿಡ

ತೊಂಬತ್ತರ ದಶಕದಲ್ಲಿ ಪಾಲಹಳ್ಳಿಯ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಲೈನ್‌ಮನ್ ಇದ್ದರು. ಹಿತ್ತಲಲ್ಲಿ ಮೆಣಸಿನ ಗಿಡ ಬೆಳೆಸುವುದೆಂದರೆ ಅವರಿಗೆ ಎಲ್ಲಿಲ್ಲದ ಇಷ್ಟ. ಹಣ್ಣು ಮೆಣಸಿನಕಾಯಿಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಕುಂಡದಲ್ಲಿ ಉದುರಿಸಿ, ಮೇಲೆ ಬೆರಳಲ್ಲೇ ಮಣ್ಣು ಉದುರಿಸುತ್ತಿದ್ದರು. 'ಮಣ್ ಮುಚ್ಬೇಕು ಕಣಪ್ಪ, ಊತಾಕ್ಬಾರ್ದು' ಎಂದು ನೋಡಲು ಬಂದವರಿಗೆಲ್ಲ ಹೇಳುವರು.

ಒಂದು ವರ್ಷ ಅವರಿಗೆ ಹೊಟ್ಟೆಯಲ್ಲಿ ಹುಣ್ಣಾಯಿತು. ಡಾಕ್ಟರು ಖಾರ ಮುಟ್ಟಬೇಡಿ ಎಂದರು. ಕಾಯಿ ಕಂಡರೆ ಗಂಡ ಸುಮ್ಮನಿರಲಾರರೆಂದು ಹೆಂಡತಿ ಗಿಡಗಳನ್ನೆಲ್ಲ ಕಿತ್ತುಹಾಕಿದರು. ಅಂದಿನಿಂದ ತಾವೂ ಸಪ್ಪೆ ಸಾರನ್ನೇ ಉಣ್ಣತೊಡಗಿದರು. ಅದು ಗೊತ್ತಾದಾಗ ಲೈನ್‌ಮನ್ ರೇಗಿದರು.

'ಉಣ್ಣಾಗಿರೋದು ನನ್ ಒಟ್ಟೇಲಿ ಕಣಮ್ಮಿ. ನೀನ್ಯಾಕೆ ಬಾಯ್ ಕಟ್ಕಂಡಿದ್ದೀಯೆ?'

ಮರುದಿನವೇ ಮತ್ತೆ ಬೀಜ ಹಾಕಿದರು. ಗಿಡ ಕಾಯಿ ಬಿಟ್ಟಾಗ ನಾನೂ ಅಲ್ಲಿದ್ದೆ. ಹಸಿಮೆಣಸಿನಕಾಯಿಯನ್ನು ಉಪ್ಪು, ಹುಣಸೆಹಣ್ಣಿನ ಜೊತೆ ತಾವೇ ಒರಳಲ್ಲಿ ಕುಟ್ಟಿ, ಹೆಂಡತಿಯ ಮುದ್ದೆಯ ಪಕ್ಕ ಬಡಿಸಿ ಎದುರಿಗೆ ಕುಳಿತರು. ಆಕೆ ನಂಚಿಕೊಂಡರು. ಕಣ್ಣಲ್ಲಿ ನೀರು ಬಂತು.

'ಕಾರ ಜಾಸ್ತಿ ಆಯ್ತಾ?'

'ಇಲ್ಲ, ಇನ್ನೊಂದ್ ಕಾಯಿ ಆಕ್ಬೋದಿತ್ತು' ಎಂದರು ಆಕೆ, ಮೂಗು ಒರೆಸಿಕೊಳ್ಳುತ್ತ.

ಲೈನ್‌ಮನ್ ಎದ್ದು ಹಿತ್ತಲಿಗೆ ಹೋದರು.