ಮುಟ್ಟದೆ ತರುವುದು ಹೇಗೆ?

ಗೆಳೆಯರೆ, ಇವತ್ತು ಬೆಳಿಗ್ಗೆ ನೇಪಾಳದಿಂದ ಧನಕವಡಿಯ ಮನೆಗೆ ಮರಳಿದೆ. ಗಂಡಕಿ ನದಿಯ ಸಾಲಿಗ್ರಾಮವೊಂದು ನಮ್ಮ ದೇವರ ಮನೆಗೆ ಬರಬೇಕೆಂದು ನಮ್ಮವರು ಕೊನೆಯವರೆಗೂ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನೊಬ್ಬಳೇ ಹೋಗಿ ತಂದೆ.

ಸುನೌಲಿ ಗಡಿಯನ್ನು ನಡೆದೇ ದಾಟಿದೆ. ಮರಳುವಾಗ ನಮ್ಮ ಕಡೆಯ ಗಡಿ ಕಾಯುವ ಯೋಧ ಚೀಲ ಬಿಚ್ಚಿಸಿದ. ಸಾಲಿಗ್ರಾಮ ಕಂಡದ್ದೇ ಬೂಟು ಕಳಚಿದ, ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೇ ಕೊಟ್ಟ. "ಜಾಯಿಯೇ, ಮಾತಾಜಿ" ಎಂದು ದಾರಿ ಬಿಟ್ಟ.

ಮನೆಯಲ್ಲಿ ಮೈದುನ ಮಡಿಯುಟ್ಟು ಕಾದಿದ್ದ.

"ವೈನಿ, ಇದನ್ನ ನೀವು ಮುಟ್ಟೀರೇನು? ಹೆಣ್ಮಕ್ಕಳು ಮುಟ್ಟಬಾರ್ದು ಅಂತ ಗೊತ್ತಿಲ್ಲೇನ್ರಿ?"

"ಮುಟ್ಟಲಾರ್ದ ಹೆಂಗ ತರ್ಲಿ? ಮೂರು ದಿನ ತೊಡಿ ಮ್ಯಾಲ ಇಟ್ಕೊಂಡ ಬಂದೀನಿ."

ಅವನು ಪಂಚಗವ್ಯದಿಂದ ಅದನ್ನು ಶುದ್ಧಿ ಮಾಡಿ ದೇವರ ಮನೆಯೊಳಗೆ ಒಯ್ದ. ಹಿಂದೆಯೇ ಹೊರಟ ನನಗೆ, "ನೀವು ಅಲ್ಲೇ ನಿಂದರ್ರಿ" ಅಂದ.

ನಿಂತೆ. ನಮ್ಮವರ ಆಸೆ ತೀರಿದ್ದನ್ನು ಬಾಗಿಲಾಚೆಯಿಂದಲೇ ನೋಡಿದೆ.

ಎರಡು ದೇಶಗಳ ನಡುವಿನ ಗೇಟಿಗೆ ನನ್ನ ಮತದಾರರ ಗುರುತಿನ ಚೀಟಿ ಸಾಕಾಗಿತ್ತು. ನಮ್ಮದೇ ದೇವರ ಮನೆಯ ಹೊಸ್ತಿಲಿಗೆ ಯಾವ ಚೀಟಿ ತೋರಿಸಬೇಕೋ, ಬಲ್ಲವರು ತಿಳಿಸಿ.